ಹೋಟೆಲಿನ ಪಾತ್ರೆ ಮನೆಯ ಉಗ್ರಾಣಕ್ಕೆ ಬರುವ ಮುನ್ನ

ಸಂತೆ ಮುಗಿದ ಮೇಲೆ ಹಳ್ಳಿಗೆ ಹೊರಡುವ ಗಾಡಿಗಳಿಗೆ ಏನೇನು ಏರುತ್ತದೆ ಎಂದು ನೋಡುವುದು ನನ್ನ ಹಳೆಯ ಅಭ್ಯಾಸ. ಹಗ್ಗ, ಮೊರ, ಕುಡುಗೋಲು, ಬೀಜದ ಚೀಲ ಇವು ಎಂದಿನಂತೆ ಇದ್ದೇ ಇರುತ್ತವೆ. ಈಗ ಇವುಗಳ ಜೊತೆಗೆ ಇನ್ನೊಂದು ಬಗೆಯ ಸಾಮಾನು ಸೇರಿಕೊಂಡಿದೆ. ಹೋಟೆಲಿನವರು ಬಳಸಿ ಬಿಟ್ಟ ಎಣ್ಣೆ ಟಿನ್ನು, ಸ್ಟೀಲ್ ಡ್ರಮ್ಮು, 40 ಲೀಟರಿನ ಹಾಲಿನ ಕ್ಯಾನು, ಕಲ್ಯಾಣ ಮಂಟಪದ ದೊಡ್ಡ ಪಾತ್ರೆ, ನೀಲಿ ಪ್ಲಾಸ್ಟಿಕ್ ಡ್ರಮ್ಮು. 2020ರ ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿದ ಹೋಟೆಲು, ಮೆಸ್ಸುಗಳ ಸಾಮಾನು ಗುಜರಿ ಅಂಗಡಿಗಳಿಗೆ ಬಂದಂದಿನಿಂದ ಈ ವ್ಯಾಪಾರ ನನ್ನ ಕಣ್ಣಿಗೆ ಹೆಚ್ಚಾಗಿ ಬೀಳುತ್ತಿದೆ. ಕೊಂಡವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಕಾಳು ಕಡಿ ಹಾಕಿಡೋಕೆ."

ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಅನೇಕರು ಕೇಳುತ್ತಾರೆ. ಮನೆಗೆಂದು ಮಾರುವ ಅಲಂಕಾರದ ಡಬ್ಬಗಳಿಗಿಂತ ಹೋಟೆಲಿನ ಪಾತ್ರೆ ಗಟ್ಟಿ. ಅದರ ಬಾಯಿ ಅಗಲ, ತೊಳೆಯಲು ಸುಲಭ, ಇಲಿಯ ಹಲ್ಲಿಗೆ ಬಗ್ಗುವುದಿಲ್ಲ. ಆದುದರಿಂದ ನಾನು ಇದಕ್ಕೆ ವಿರೋಧಿಯಲ್ಲ. ಆದರೆ ಪಾತ್ರೆಯನ್ನು ಮನೆಯೊಳಗೆ ತರುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದರಲ್ಲಿ ಹಿಂದೆ ಏನಿತ್ತು? ಇದರಲ್ಲಿ ನಾವು ಏನಿಡುತ್ತೇವೆ? ಇದನ್ನು ದಿನವೂ ತೆಗೆದು ಮುಚ್ಚುವವರು ಯಾರು? ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಮಾತ್ರ ಹಣ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೆಯ ಕಣಜ ಹೋದ ಮೇಲೆ

ನಮ್ಮ ಹಿರಿಯರಿಗೆ ಈ ಪ್ರಶ್ನೆಗಳು ಏಳುತ್ತಿರಲಿಲ್ಲ. ಅವರಿಗೆ ಹಗೇವು ಇತ್ತು, ಮಣ್ಣಿನ ಗುಡಾಣ ಇತ್ತು, ವಾಡೆ, ತೊಂಬೆ, ಮಲೆನಾಡಿನಲ್ಲಿ ಮರದ ಪತ್ತಾಯ ಇತ್ತು. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದರ ಗುಟ್ಟು ಸರಳ. ನೆಲದೊಳಗೆ ಗಾಳಿಯಾಡದಂತೆ ಮುಚ್ಚಿದ ಕಾಳು ತಾನೂ ಉಸಿರಾಡುತ್ತದೆ, ಅದರಲ್ಲಿರುವ ಹುಳುವೂ ಉಸಿರಾಡುತ್ತದೆ. ಒಳಗಿದ್ದ ಆಮ್ಲಜನಕ ಮುಗಿದು ಇಂಗಾಲದ ಡೈ ಆಕ್ಸೈಡ್ ತುಂಬಿಕೊಂಡ ಮೇಲೆ ಹುಳು ಬದುಕಲಾರದು. ಹಗೇವು ತೆರೆದೊಡನೆ ಯಾರೂ ಒಳಗಿಳಿಯಬಾರದೆಂದೂ ದೀಪ ಇಳಿಸಿ ನೋಡಬೇಕೆಂದೂ ಹಿರಿಯರು ಹೇಳುತ್ತಿದ್ದುದು ಇದೇ ಗಾಳಿಯ ಭಯದಿಂದ. ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ.

ನೀರಾವರಿ ಬಂದ ಕಡೆ ನೆಲದ ತೇವ ಏರಿ ಹಗೇವುಗಳು ಕೆಟ್ಟವು. ಮನೆಗಳು ಚಿಕ್ಕವಾದವು. ಗುಡಾಣ ಮಾಡುವ ಕುಂಬಾರರೂ ತೊಂಬೆ ಹೆಣೆಯುವ ಮೇದರೂ ಕಡಿಮೆಯಾದರು. 1960ರ ದಶಕದಲ್ಲಿ ಆರಂಭವಾದ ಧಾನ್ಯ ಉಳಿಸಿ ಆಂದೋಲನದವರು ತಗಡಿನ ಕಣಜಗಳನ್ನು ಹಳ್ಳಿಗಳಿಗೆ ಪರಿಚಯಿಸಿದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮಣ್ಣಿನ ಇಟ್ಟಿಗೆಯ ಎರಡು ಗೋಡೆಗಳ ನಡುವೆ ಪಾಲಿಥೀನ್ ಹಾಳೆ ಕೊಟ್ಟು ಪೂಸಾ ಕಣಜವನ್ನು ರೂಪಿಸಿತು. ಇವು ಒಳ್ಳೆಯ ಸಾಧನಗಳೇ. ಆದರೆ ಇಂದು ಎಷ್ಟೋ ಮನೆಗಳಲ್ಲಿ ಧಾನ್ಯ ಇರುವುದು ಗೊಬ್ಬರದ ಖಾಲಿ ಚೀಲದಲ್ಲಿ, ಮಂಚದ ಕೆಳಗೆ. ಈ ಕೊರತೆಯನ್ನು ತುಂಬಲು ಹೋಟೆಲಿನ ಪಾತ್ರೆ ಬಂದಿದೆ. ಬಂದದ್ದನ್ನು ಬೇಡವೆನ್ನುವ ಬದಲು ಅದರ ಗುಣದೋಷ ತಿಳಿದು ಬಳಸುವುದು ಜಾಣತನ.

ನಮ್ಮ ಮನೆಯಲ್ಲೇ ಆದ ತಪ್ಪು

ಇತರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೋಟೆಲೊಂದು ಬಿಟ್ಟ ಸ್ಟೀಲ್ ಡ್ರಮ್ಮನ್ನು ನಾನೇ ಕೊಂಡು ತಂದೆ. ಮುಚ್ಚಳ ಬಿಗಿಯಾಗಿತ್ತು. ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ವರ್ಷದ ತೊಗರಿ ಅಂಗಳದಲ್ಲಿ ಒಣಗುತ್ತಿತ್ತು. ಮಧ್ಯಾಹ್ನದ ಬಿಸಿಲಿನಿಂದ ಎತ್ತಿದ ಕಾಳನ್ನು ಬಿಸಿ ಆರುವ ಮುನ್ನವೇ ಡ್ರಮ್ಮಿಗೆ ಸುರಿದು ಮುಚ್ಚಿದೆವು. ಡ್ರಮ್ಮು ಅರ್ಧ ಮಾತ್ರ ತುಂಬಿತ್ತು. ಅದನ್ನು ಇಟ್ಟದ್ದು ಪಡುವಣ ಗೋಡೆಗೆ ಒತ್ತಿ. ಅಡುಗೆಗೆಂದು ವಾರಕ್ಕೊಮ್ಮೆ ತೆರೆಯುತ್ತಿದ್ದೆವು. ಅದರೊಳಗೇ ಒಂದು ಬಟ್ಟೆಯ ಗಂಟಿನಲ್ಲಿ ಮುಂಗಾರಿಗೆ ಬಿತ್ತಲು ಬೀಜವನ್ನೂ ಇಟ್ಟಿದ್ದೆವು.

ಯುಗಾದಿಯ ಹೊತ್ತಿಗೆ ಮುಚ್ಚಳದ ಒಳಬದಿಯಲ್ಲಿ ನೀರಿನ ಹನಿ ಕಂಡವು. ಮೇಲಿನ ನಾಲ್ಕು ಬೆರಳಷ್ಟು ಕಾಳು ಬೂಸ್ಟು ಹಿಡಿದಿತ್ತು. ಕೆಳಗಿನದನ್ನು ಮೊರಕ್ಕೆ ಸುರಿದರೆ ಕಾಳಿಗೊಂದು ತೂತು, ಮೊರದ ತುಂಬ ಕುಟ್ಟೆ ಹುಳು. ಬೀಜದ ಗಂಟು ಬಿಚ್ಚಿದಾಗ ನಮ್ಮ ಅತ್ತೆಯವರು ಒಂದೇ ಮಾತು ಹೇಳಿದರು: "ಗುಡಾಣದಲ್ಲಿ ಬೂದಿ ಬೆರೆಸಿ ಇಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ." ಆ ವರ್ಷ ಬೀಜವನ್ನು ಹೊರಗಿನಿಂದ ಕೊಂಡು ಬಿತ್ತಿದೆವು.

ಡ್ರಮ್ಮಿನಲ್ಲಿ ದೋಷವಿರಲಿಲ್ಲ. ತಪ್ಪುಗಳೆಲ್ಲ ನಮ್ಮವು. ತೊಗರಿ, ಅವರೆ, ಅಲಸಂದೆ, ಹೆಸರಿಗೆ ಬೀಳುವ ಕಾಳುಕೊರಕ ದುಂಬಿ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಕಾಳಿನೊಂದಿಗೆ ಮನೆಗೆ ಬರುತ್ತದೆ. ಬಿಸಿಯ ಕಾಲದಲ್ಲಿ ಸುಮಾರು ಒಂದು ತಿಂಗಳಿಗೆ ಅದರ ಒಂದು ತಲೆಮಾರು ಮುಗಿದು ಇನ್ನೊಂದು ಹುಟ್ಟುತ್ತದೆ. ಡ್ರಮ್ಮು ಪೂರ್ತಿ ತುಂಬಿದ್ದು ಗಾಳಿಯಾಡದೆ ಇದ್ದಿದ್ದರೆ ಹಗೇವಿನಲ್ಲಾದಂತೆ ಹುಳು ಉಸಿರು ಕಟ್ಟಿ ಸಾಯುತ್ತಿತ್ತು. ಅರ್ಧ ಖಾಲಿ ಡ್ರಮ್ಮಿನಲ್ಲಿ, ವಾರವಾರವೂ ಹೊಸ ಗಾಳಿ ಸಿಗುವಾಗ, ಅದು ಮನೆಯವರಂತೆಯೇ ನೆಮ್ಮದಿಯಿಂದ ಬಾಳುತ್ತದೆ. ಇನ್ನು ಲೋಹದ ಪಾತ್ರೆ ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ತಣಿಯುತ್ತದೆ. ಕಾಳಿನೊಳಗಿನ ತೇವ ಆವಿಯಾಗಿ ಮೇಲೇರಿ, ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಕಾಳಿನ ಮೇಲೆಯೇ ಬೀಳುತ್ತದೆ. ಉಸಿರಾಡುವ ಮಣ್ಣಿನ ಗುಡಾಣ ಕ್ಷಮಿಸುತ್ತಿದ್ದ ತಪ್ಪನ್ನು ಸ್ಟೀಲ್ ಡ್ರಮ್ಮು ಕ್ಷಮಿಸುವುದಿಲ್ಲ.

ಆದುದರಿಂದ ಪಾತ್ರೆ ಎಷ್ಟು ಬಿಗಿಯೋ ಕಾಳು ಅಷ್ಟು ಒಣಗಿರಬೇಕು. ಧಾನ್ಯದಲ್ಲಿ ತೇವಾಂಶ ಶೇಕಡಾ 12ಕ್ಕೆ, ಬೇಳೆಕಾಳುಗಳಲ್ಲಿ ಶೇಕಡಾ 10ಕ್ಕೆ ಇಳಿದಿರಬೇಕು. ಶೇಂಗಾ ಬೀಜದಲ್ಲಿ ಇನ್ನೂ ಕಡಿಮೆ, ಶೇಕಡಾ 8ರೊಳಗೆ ಇರಬೇಕು. ಹಲ್ಲಿನಲ್ಲಿ ಕಡಿದಾಗ ಕಟ್ಟೆಂದು ಮುರಿಯುವುದು ನಮ್ಮ ಹಳೆಯ ಪರೀಕ್ಷೆ. ಇನ್ನೊಂದು ಸುಲಭ ಪರೀಕ್ಷೆ ಉಪ್ಪಿನದು. ಪುಡಿ ಉಪ್ಪನ್ನು ಬಾಣಲೆಯಲ್ಲಿ ಹುರಿದು ಆರಿಸಿ. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಕಾಳು ಹಾಕಿ, ಒಂದು ದೊಡ್ಡ ಚಮಚ ಈ ಉಪ್ಪು ಸೇರಿಸಿ, ಮುಚ್ಚಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ತೇವ ಶೇಕಡಾ 15ಕ್ಕಿಂತ ಹೆಚ್ಚು, ತುಂಬುವ ಮಾತೇ ಬೇಡ. ಅಂಟದಿದ್ದರೂ ಇನ್ನೆರಡು ಒಳ್ಳೆಯ ಬಿಸಿಲು ಕೊಟ್ಟು, ರಾತ್ರಿಯ ಇಬ್ಬನಿ ತಾಗದಂತೆ ನೆರಳಿನಲ್ಲಿ ಪೂರ್ತಿ ಆರಿಸಿ, ಆಮೇಲೆ ತುಂಬುವುದು ಕ್ಷೇಮ. ಮನೆಯಲ್ಲಿ ಊಟಕ್ಕೆ ಇಡುವ ಬೇಳೆಕಾಳಿಗೆ ಕಿಲೋಗೆ ಒಂದು ಚಿಕ್ಕ ಚಮಚ, ಅಂದರೆ 5 ಮಿಲಿ ಲೀಟರಿನಷ್ಟು, ಅಡುಗೆ ಎಣ್ಣೆ ಸವರಿದರೆ ದುಂಬಿಯ ಮೊಟ್ಟೆಗಳು ಬಹುಪಾಲು ಮರಿಯಾಗುವುದಿಲ್ಲ.

ಮೊದಲ ಪ್ರಶ್ನೆ: ಹಿಂದೆ ಏನಿತ್ತು?

ಮೂರು ಪ್ರಶ್ನೆಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು ಇದು. ಗುಜರಿ ಅಂಗಡಿಯಲ್ಲಿ ಹೋಟೆಲಿನ ಡ್ರಮ್ಮಿನ ಪಕ್ಕದಲ್ಲೇ ಕಾರ್ಖಾನೆಯ ಡ್ರಮ್ಮೂ ನಿಂತಿರುತ್ತದೆ. ಎರಡನ್ನೂ ಸೋಪಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಗುರುತು ಸಿಗುವುದಿಲ್ಲ. ಮಾರುವವರು "ಹೋಟೆಲಿನದೇ" ಎಂದು ಹೇಳಿದ ಮಾತ್ರಕ್ಕೆ ನಂಬಲಾಗದು. ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಬೇಕು. ಬಣ್ಣ, ದ್ರಾವಕ, ಕೀಟನಾಶಕಗಳನ್ನು ಪ್ಲಾಸ್ಟಿಕ್ಕು ತನ್ನೊಳಕ್ಕೆ ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಬಿಸಿಲಿಗೆ ಕಾದಾಗ, ಎಣ್ಣೆಯಂಶದ ಪದಾರ್ಥ ತಾಗಿದಾಗ ಮತ್ತೆ ಹೊರಬರುತ್ತದೆ. ತಳದಲ್ಲಿ ತ್ರಿಕೋನದೊಳಗೆ 2 ಅಥವಾ 5 ಎಂಬ ಅಂಕಿಯಿದ್ದರೆ, ಲೋಟ ಮತ್ತು ಮುಳ್ಳು ಚಮಚದ ಚಿತ್ರವಿದ್ದರೆ ಅದು ಆಹಾರಕ್ಕೆ ತಕ್ಕ ಪ್ಲಾಸ್ಟಿಕ್ಕು ಎಂದು ಹೇಳುತ್ತಾರೆ. ಚಿತ್ರ ಹೇಳುವುದು ಡ್ರಮ್ಮು ಹೊಸದಾಗಿದ್ದಾಗಿನ ಕಥೆ ಮಾತ್ರ. ನಡುವೆ ಅದರಲ್ಲಿ ಯಾರು ಏನು ತುಂಬಿದ್ದರು ಎಂಬುದನ್ನು ಯಾವ ಚಿತ್ರವೂ ಹೇಳಲಾರದು.

ಇದು ಹೆದರಿಸುವ ಮಾತಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಥಿಯಾನ್ ಎಂಬ ಕೀಟನಾಶಕ ಗೋಧಿ ಹಿಟ್ಟಿಗೆ ತಾಗಿ ನೂರಕ್ಕೂ ಹೆಚ್ಚು ಜನ ಸತ್ತರು. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳು ಪ್ರಾಣ ಬಿಟ್ಟರು. ಪರೀಕ್ಷೆಯಲ್ಲಿ ಅಡುಗೆ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಕಂಡುಬಂತು. ಹಿಂದೆ ಕೀಟನಾಶಕವಿದ್ದ ಡಬ್ಬದಲ್ಲಿ ಎಣ್ಣೆ ಇಟ್ಟಿದ್ದಿರಬೇಕೆಂದು ಶಂಕಿಸಲಾಯಿತು. ಒಂದು ಡಬ್ಬದ ಹಿಂದಿನ ಕಥೆ ಕೇಳದೆ ಹೋದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಕೀಟನಾಶಕದ ಖಾಲಿ ಡಬ್ಬವನ್ನು ಮುರಿದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ನಾವೇ ನಮ್ಮ ಹೊಲದ ಬದುವಿನಲ್ಲಿ ಖಾಲಿ ಡಬ್ಬ ಎಸೆದರೆ ಅದು ಗುಜರಿಯವನ ಚೀಲ ಸೇರಿ, ತೊಳೆಸಿಕೊಂಡು, ಯಾರದೋ ಅಡುಗೆಮನೆಗೆ ಹೋಗುತ್ತದೆ. ಆದುದರಿಂದ ಈ ಎಚ್ಚರ ಕೊಳ್ಳುವಾಗ ಮಾತ್ರವಲ್ಲ, ಬಿಸಾಡುವಾಗಲೂ ಇರಬೇಕು.

ನನ್ನ ಸಲಹೆ ಇಷ್ಟೆ. ಹೋಟೆಲಿನ ಪಾತ್ರೆಯನ್ನು ಹೋಟೆಲಿನ ಬಾಗಿಲಲ್ಲೇ ಕೊಳ್ಳಿರಿ. ಅಡುಗೆಯವರು ಅದರಲ್ಲಿ ಏನಿಡುತ್ತಿದ್ದರೆಂದು ಅವರ ಬಾಯಿಂದಲೇ ಕೇಳಿರಿ. ಎಲ್ಲಿಂದ ಬಂತೆಂದು ತಿಳಿಯದ ಪ್ಲಾಸ್ಟಿಕ್ ಡ್ರಮ್ಮನ್ನು ಆಹಾರಕ್ಕೂ ಕುಡಿಯುವ ನೀರಿಗೂ ದನದ ಹಿಂಡಿಗೂ ಬಳಸಬೇಡಿರಿ. ದನದ ಹಾಲು ಮತ್ತೆ ನಮ್ಮ ಮಕ್ಕಳಿಗೇ ಬರುತ್ತದೆ.

ಎರಡನೆಯ ಪ್ರಶ್ನೆ: ಏನಿಡುತ್ತೇವೆ?

ಹೋಟೆಲಿನಲ್ಲಿ ಒಂದು ಪಾತ್ರೆಯಲ್ಲಿ ಒಂದು ಪದಾರ್ಥ ಹೆಚ್ಚು ದಿನ ನಿಲ್ಲುವುದಿಲ್ಲ. ಇಂದು ತುಂಬಿದ್ದು ಎರಡು ಮೂರು ದಿನಕ್ಕೆ ಖಾಲಿ. ನಮ್ಮ ಮನೆಯಲ್ಲಿ ವರ್ಷವಿಡೀ ನಿಲ್ಲಬೇಕು. ಹೀಗಾಗಿ ಹೋಟೆಲಿಗೆ ಸರಿಹೋದ ಪಾತ್ರೆ ನಮಗೂ ಸರಿಹೋಗುತ್ತದೆ ಎನ್ನುವಂತಿಲ್ಲ.

ಒಣಧಾನ್ಯಕ್ಕೆ ಸ್ಟೀಲು, ತಗಡು, ಅಲ್ಯೂಮಿನಿಯಂ ಯಾವುದಾದರೂ ಆದೀತು. ತೊಡಕು ಇರುವುದು ಹುಳಿ ಮತ್ತು ಉಪ್ಪಿನಲ್ಲಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹಣ್ಣು, ಉಪ್ಪಿನಕಾಯಿ, ಮಜ್ಜಿಗೆ ಇಟ್ಟರೆ ಲೋಹ ಕರಗಿ ಪದಾರ್ಥಕ್ಕೆ ಸೇರುತ್ತದೆ. ಸತುವಿನ ಲೇಪದ ತಗಡಿಗೂ ಕಲಾಯಿ ಹೋದ ಹಿತ್ತಾಳೆಗೂ ಇದೇ ಮಾತು. ಸ್ಟೀಲಿನಲ್ಲೂ ಬಗೆಗಳಿವೆ. ಅಂಗಡಿಯವರು 304 ಎನ್ನುವ ಬಗೆಯಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, ಶೇಕಡಾ 8 ನಿಕ್ಕಲ್ ಇರುತ್ತದೆ. 202 ಎನ್ನುವುದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಇದರ ಬೆಲೆಯೂ ಕಡಿಮೆ, ತುಕ್ಕು ತಡೆಯುವ ಶಕ್ತಿಯೂ ಕಡಿಮೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಸಾಮಾನ್ಯವಾಗಿ ಎರಡಕ್ಕೂ ಅದು ಅಂಟುವುದಿಲ್ಲವಾದ್ದರಿಂದ ಈ ಪರೀಕ್ಷೆಯಿಂದ 304 ಯಾವುದು, 202 ಯಾವುದು ಎಂದು ತಿಳಿಯದು. ರಾಗಿ, ಜೋಳ, ಅಕ್ಕಿ ಇಡಲು 202 ಧಾರಾಳ ಸಾಕು. 304ರ ಬೆಲೆ ತೆತ್ತು ರಾಗಿ ತುಂಬುವುದು ದುಂದು. ಉಪ್ಪಿನ ಪದಾರ್ಥ ತಿಂಗಳುಗಟ್ಟಲೆ ನಿಂತರೆ ಒಳ್ಳೆಯ ಸ್ಟೀಲಿಗೂ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಉಪ್ಪಿನಕಾಯಿಗೆ ಇಂದಿಗೂ ಪಿಂಗಾಣಿ ಜಾಡಿ, ಗಾಜಿನ ಭರಣಿಗಳನ್ನು ಮೀರಿಸಿದ್ದು ಇಲ್ಲ.

15 ಕಿಲೋ ಎಣ್ಣೆಯ ಚೌಕ ಟಿನ್ನು ಹೋಟೆಲುಗಳಿಂದ ಅಗ್ಗವಾಗಿ ಸಿಗುತ್ತದೆ. ಬಳಸಿದ ಟಿನ್ನಿಗೆ ಮತ್ತೆ ಖಾದ್ಯ ತೈಲ ತುಂಬಿ ಮಾರಬಾರದೆಂಬ ನಿಯಮವೇ ಇದೆ. ಆದರೆ ಮನೆಯಲ್ಲಿ ಒಣಕಾಳಿಗೆ ಅದು ಒಳ್ಳೆಯ ಪಾತ್ರೆ. ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಎರಡು ಮೂರು ಸಲ ತೊಳೆಯಿರಿ. ಮೂಲೆಗಳಲ್ಲಿ ಉಳಿದ ಎಣ್ಣೆ ಕಮಟಾಗಿ ಕಾಳಿಗೆ ವಾಸನೆ ಹಿಡಿಸುತ್ತದೆ. ಬಿಸಿಲಲ್ಲಿ ಬಾಯಿ ಕೆಳಗೆ ಮಾಡಿ ಒಣಗಿಸಿರಿ. ಮೇಲ್ಭಾಗವನ್ನು ಮನೆಯಲ್ಲೇ ಮಚ್ಚಿನಿಂದ ಕೊಯ್ದರೆ ಆ ಅಂಚು ಕೈ ಕೊಯ್ಯುತ್ತದೆ. ತಗಡಿನ ಕೆಲಸದವರಿಂದ ದುಂಡು ಬಾಯಿ, ಒತ್ತುವ ಮುಚ್ಚಳ ಮಾಡಿಸಿರಿ. ಇಂತಹ ಒಂದು ಟಿನ್ನಿನಲ್ಲಿ 12ರಿಂದ 13 ಕಿಲೋ ರಾಗಿ ಹಿಡಿಯುತ್ತದೆ. ಬೆಸುಗೆ ಹಾಕಿದ ಟಿನ್ನಿನಲ್ಲಿ ನೀರು, ಎಣ್ಣೆ, ಹುಳಿ ಪದಾರ್ಥ ಇಡಬೇಡಿರಿ, ಬೆಸುಗೆಯಲ್ಲಿ ಸೀಸ ಇರಬಹುದು.

ಪಾತ್ರೆ ದೊಡ್ಡದಿದೆಯೆಂದು ಹಿಟ್ಟನ್ನು ತಿಂಗಳಿಗಾಗುವಷ್ಟು ಬೀಸಿ ತುಂಬುವುದೂ ತಪ್ಪು. ಸಜ್ಜೆ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಕಾಳನ್ನು ಇಡಿಯಾಗಿ ಇಡಿ, ಹಿಟ್ಟನ್ನು ವಾರಕ್ಕೆ ಬೇಕಾದಷ್ಟೇ ಮಾಡಿಸಿ. ಶೇಂಗಾವನ್ನು ಆದಷ್ಟೂ ಕಾಯಿಯಲ್ಲೇ ಇಡಿ. ತೇವ ತಾಗಿದ ಶೇಂಗಾ ಬೀಜದಲ್ಲಿ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ತೊಳೆದರೂ ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬೂಸ್ಟು ಹಿಡಿದದ್ದನ್ನು ಆರಿಸಿ ಎಸೆಯಬೇಕೇ ಹೊರತು ಎಣ್ಣೆಗೂ ಹಿಂಡಿಗೂ ಕೊಡಬಾರದು.

ಮೂರನೆಯ ಪ್ರಶ್ನೆ: ತೆಗೆದು ಮುಚ್ಚುವವರು ಯಾರು?

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ತುಮಕೂರಿನ ಕಡೆಯ ಒಬ್ಬ ಹಿರಿಯ ಹೆಂಗಸು. ಅವರ ಮನೆಯಲ್ಲಿ 200 ಲೀಟರಿನ ಎರಡು ಡ್ರಮ್ಮುಗಳು ಹೊಳೆಯುತ್ತ ನಿಂತಿದ್ದವು. ನಾನು ಮೆಚ್ಚಿ ಮಾತಾಡಿದೆ. ಅವರು ನಕ್ಕು, "ತಂದೋರು ನಮ್ಮೆಜಮಾನ್ರು ಕಣಮ್ಮ, ತಲೆ ಒಳಗಿಟ್ಟು ಬಗ್ಗಿ ಬಗ್ಗಿ ತೆಗೆಯೋಳು ನಾನು. ತಳದ ರಾಗಿ ಹೋದ ವರ್ಷದ್ದೇ ಇನ್ನೂ ಅಲ್ಲೇ ಐತೆ" ಎಂದರು. ಒಂದು ಮಾತಿನಲ್ಲಿ ಅವರು ಇಡೀ ಉಗ್ರಾಣ ಶಾಸ್ತ್ರವನ್ನೇ ಹೇಳಿಬಿಟ್ಟರು.

ಹೋಟೆಲಿನ ಪಾತ್ರೆ ಹೋಟೆಲಿನ ಆಳುಗಳಿಗೆ ಮಾಡಿದ್ದು. ಅಲ್ಲಿ ಎತ್ತಲು ಇಬ್ಬರು ಗಂಡಾಳುಗಳು ಇರುತ್ತಾರೆ. 200 ಲೀಟರಿನ ಡ್ರಮ್ಮಿನಲ್ಲಿ ಸುಮಾರು 150 ಕಿಲೋ ರಾಗಿ ತುಂಬುತ್ತದೆ. ತುಂಬಿದ ಮೇಲೆ ಅದನ್ನು ಸರಿಸಿ ಕೆಳಗೆ ಗುಡಿಸುವುದೂ ಆಗುವುದಿಲ್ಲ. ಎಟುಕದ ತಳದಲ್ಲಿ ಉಳಿದ ಹಳೆಯ ಕಾಳಿನ ಮೇಲೆಯೇ ಹೊಸದನ್ನು ಸುರಿಯುತ್ತೇವೆ. ಹಳೆಯದರ ಹುಳು ಹೊಸದಕ್ಕೆ ಏರುತ್ತದೆ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 2 ಕಿಲೋ ರಾಗಿ ಬೇಕಾದ ಮನೆಗೆ ವರ್ಷಕ್ಕೆ 730 ಕಿಲೋ ಬೇಕು. ಇದಕ್ಕೆ 200 ಲೀಟರಿನ ಐದು ಡ್ರಮ್ಮು ಸಾಕು. ನನ್ನ ಅಭಿಪ್ರಾಯದಲ್ಲಿ ನಾಲ್ಕು ಡ್ರಮ್ಮು ತುಂಬಿ, ಬಿಗಿದು, ಮುಟ್ಟದೆ ಬಿಡುವುದು ಮೇಲು. ಉಳಿದದ್ದನ್ನು ಸುಮಾರು 30 ಕಿಲೋ ಹಿಡಿಯುವ ಹಾಲಿನ ಕ್ಯಾನಿನಲ್ಲಿಯೂ ಎಣ್ಣೆ ಟಿನ್ನುಗಳಲ್ಲಿಯೂ ಇಟ್ಟು ದಿನಬಳಕೆಗೆ ತೆಗೆಯಬೇಕು. ಅದು ಮುಗಿದ ಮೇಲೆ ಒಂದು ಡ್ರಮ್ಮು ಒಡೆದು ಒಂದೇ ಸಲಕ್ಕೆ ಸಣ್ಣ ಪಾತ್ರೆಗಳಿಗೆ ಸುರಿದುಕೊಳ್ಳಬೇಕು. ಹೀಗೆ ಮಾಡಿದರೆ ದೊಡ್ಡ ಡ್ರಮ್ಮು ವರ್ಷಕ್ಕೆ ಒಮ್ಮೆ ಮಾತ್ರ ತೆರೆಯುತ್ತದೆ, ಹಗೇವಿನ ಗುಣ ಅದಕ್ಕೆ ಬರುತ್ತದೆ. ಮನೆಯಾಕೆಯ ಸೊಂಟವೂ ಉಳಿಯುತ್ತದೆ. ಪಾತ್ರೆ ಕೊಳ್ಳಲು ಪೇಟೆಗೆ ಹೋಗುವಾಗ ಅದನ್ನು ಬಳಸುವವರನ್ನೂ ಕರೆದೊಯ್ಯಿರಿ ಎಂದು ರೈತ ಬಾಂಧವರಲ್ಲಿ ನನ್ನ ವಿನಂತಿ. ಟ್ರ್ಯಾಕ್ಟರ್ ಕೊಳ್ಳುವಾಗ ಓಡಿಸುವವನನ್ನು ಕೇಳುತ್ತೇವೆ. ಉಗ್ರಾಣದ ಪಾತ್ರೆ ಕೊಳ್ಳುವಾಗ ಉಗ್ರಾಣ ನಡೆಸುವವರನ್ನು ಕೇಳಬೇಡವೇ?

ಹೋಟೆಲು ಬಿಟ್ಟ ಡೀಪ್ ಫ್ರೀಜರನ್ನು ಮನೆಗೆ ತರುವ ಹೊಸ ಹವ್ಯಾಸದ ಬಗ್ಗೆಯೂ ಒಂದು ಮಾತು. ಸೊನ್ನೆಗಿಂತ 18 ಡಿಗ್ರಿ ಕೆಳಗೆ ನಾಲ್ಕು ದಿನ ಇಟ್ಟ ಬೇಳೆಯಲ್ಲಿ ಹುಳುವೂ ಮೊಟ್ಟೆಯೂ ಸಾಯುತ್ತವೆ ಎಂಬುದು ನಿಜ. ಹೊರತೆಗೆದ ಪೊಟ್ಟಣವನ್ನು ಪೂರ್ತಿ ತಣುವು ಬಿಡುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಕಾಳು ಬೆವರುತ್ತದೆ. ಆದರೆ ಐದಾರು ಕಿಲೋ ಬೇಳೆಗಾಗಿ ವರ್ಷವಿಡೀ ಕರೆಂಟು ಬಿಲ್ಲು ಕಟ್ಟುವುದು ಕಾಸಿನ ಕೋಳಿಗೆ ರೂಪಾಯಿ ಮಸಾಲೆ ಅರೆದಂತೆ. ಕೆಟ್ಟು ನಿಂತ ಫ್ರೀಜರನ್ನು ಕಣಜವಾಗಿ ಬಳಸುವವರು ಅದರ ಬೀಗವನ್ನು ಕಡ್ಡಾಯವಾಗಿ ಕಿತ್ತು ಹಾಕಿರಿ. ಕಣ್ಣಾಮುಚ್ಚಾಲೆಯಾಡುವ ಮಗು ಒಳಗೆ ಅಡಗಿ ಮುಚ್ಚಳ ಬಿದ್ದರೆ, ಒಳಗಿನಿಂದ ತೆರೆಯಲಾಗದೆ ಉಸಿರು ಕಟ್ಟುತ್ತದೆ. ಇದು ದೊಡ್ಡ ಖಾಲಿ ಡ್ರಮ್ಮಿಗೂ ಅನ್ವಯಿಸುತ್ತದೆ. ಖಾಲಿ ಪಾತ್ರೆಯನ್ನು ಬೋರಲು ಹಾಕಿ ಇಡುವುದು ಒಳ್ಳೆಯ ರೂಢಿ.

ಮಾತ್ರೆಯ ಆಸೆ ಬೇಡ

ಬಿಗಿ ಮುಚ್ಚಳದ ಡ್ರಮ್ಮು ಸಿಕ್ಕೊಡನೆ ಕೆಲವರು ಅಂಗಡಿಯಿಂದ ಹೊಗೆ ಮಾತ್ರೆ ತಂದು ಒಳಗೆ ಹಾಕುತ್ತಾರೆ. ಇದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಾಗಿ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಮುಚ್ಚಳದ ಸಣ್ಣ ಸಂದಿಯಿಂದ ಅದು ಹೊರಬಂದು, ಅದೇ ಕೋಣೆಯಲ್ಲಿ ಮಲಗಿದವರ ಪ್ರಾಣ ತೆಗೆಯಬಲ್ಲುದು. ಸಾಮಾನ್ಯರಿಗೆ ಇದನ್ನು ಮಾರಲು ಕಾನೂನಿನಲ್ಲಿ ಅವಕಾಶವಿಲ್ಲ. ತರಬೇತಿ ಪಡೆದವರು ಗೋದಾಮಿನಲ್ಲಿ ಬಳಸಬೇಕಾದದ್ದು ಇದು. 1970ರ ದಶಕದಲ್ಲಿ ಇಂತಹ ಪತ್ರಿಕೆಗಳೇ ಮನೆಯ ಕಣಜಕ್ಕೆ ಇ.ಡಿ.ಬಿ. ಗಾಜಿನ ಕೊಳವೆಗಳನ್ನು ಶಿಫಾರಸು ಮಾಡುತ್ತಿದ್ದವು. ಮುಂದೆ ಅದರ ಕೆಡುಕು ತಿಳಿದು ಸರ್ಕಾರ ಅದನ್ನು ನಿಷೇಧಿಸಿತು. ತಜ್ಞರೂ ತಪ್ಪಿದ್ದುಂಟು ಎಂಬುದನ್ನು ಒಪ್ಪಿಕೊಳ್ಳಬೇಕು. ಒಣಗಿದ ಕಾಳು, ತುಂಬಿದ ಪಾತ್ರೆ, ಬಿಗಿ ಮುಚ್ಚಳ ಈ ಮೂರೂ ಇದ್ದಲ್ಲಿ ಮಾತ್ರೆಯ ಅಗತ್ಯ ಬೀಳುವುದಿಲ್ಲ.

ತರಬೇಕಾದದ್ದು ಹೋಟೆಲಿನ ಕ್ರಮ

ಕೊನೆಗೊಂದು ಮಾತು. ಒಳ್ಳೆಯ ಹೋಟೆಲಿನ ಉಗ್ರಾಣದೊಳಗೆ ಒಮ್ಮೆ ಇಣುಕಿ ನೋಡಿದರೆ ಪಾತ್ರೆಗಿಂತ ಹೆಚ್ಚು ಕಲಿಯುವುದು ಸಿಗುತ್ತದೆ. ಅಲ್ಲಿ ಯಾವ ಚೀಲವೂ ನೆಲಕ್ಕೆ ತಾಗಿರುವುದಿಲ್ಲ. ಎಲ್ಲವೂ ಅರ್ಧ ಅಡಿಯಾದರೂ ಎತ್ತರದ ಅಟ್ಟಣೆಯ ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ಇರುತ್ತವೆ. ಆ ಸಂದಿಯಲ್ಲಿ ಕೈಯಾಡಿಸಿ ಗುಡಿಸಬಹುದು, ಇಲಿ ಬಂದರೆ ಕಾಣುತ್ತದೆ. ಪ್ರತಿ ಡಬ್ಬದ ಮೇಲೂ ತುಂಬಿದ ದಿನ ಬರೆದಿರುತ್ತದೆ. ಮೊದಲು ಬಂದದ್ದು ಮೊದಲು ಅಡುಗೆಗೆ ಹೋಗುತ್ತದೆ. ಒಂದು ಡಬ್ಬಕ್ಕೆ ಹಾಕಿದ ಒದ್ದೆ ಸೌಟು ಇನ್ನೊಂದಕ್ಕೆ ಬೀಳುವುದಿಲ್ಲ. ವಾರಕ್ಕೊಮ್ಮೆ ಒಬ್ಬರು ಎಲ್ಲವನ್ನೂ ತೆರೆದು ಮೂಸಿ ನೋಡುತ್ತಾರೆ.

ಇದಕ್ಕೆ ಖರ್ಚಿಲ್ಲ. ನಾಲ್ಕು ಕಲ್ಲು, ಒಂದು ಹಲಗೆ, ಒಂದು ತುಂಡು ಸುಣ್ಣದ ಕಡ್ಡಿ ಸಾಕು. ಮನೆಯ ಓದುವ ಮಗುವಿನ ಕೈಗೆ ಸುಣ್ಣದ ಕಡ್ಡಿ ಕೊಟ್ಟು, ಪ್ರತಿ ಡಬ್ಬದ ಮೇಲೆ ಕಾಳಿನ ಹೆಸರು, ತುಂಬಿದ ತಿಂಗಳು ಬರೆಸಿರಿ. ಬಿತ್ತನೆ ಬೀಜಕ್ಕೆ ಬೇರೆಯೇ ಪಾತ್ರೆ ಇರಲಿ. ಅಡುಗೆಯ ಡಬ್ಬದಲ್ಲಿ ಅದನ್ನು ಎಂದೂ ಸೇರಿಸಬೇಡಿರಿ. ನಮ್ಮ ಮನೆಯ ತೊಗರಿ ಬೀಜದ ಗಂಟು ನನಗೆ ಕಲಿಸಿದ ಪಾಠ ಇದು.

ಸ್ತ್ರೀಶಕ್ತಿ ಗುಂಪುಗಳು ಸೇರಿ ಒಟ್ಟಾಗಿ ಪಾತ್ರೆ ಕೊಂಡರೆ ಅನುಕೂಲ. ಹತ್ತು ಮನೆಯವರು ಒಟ್ಟಿಗೆ ಹೋದರೆ ಬೆಲೆ ಇಳಿಯುತ್ತದೆ, ಹಿಂದಿನ ಕಥೆ ಕೇಳಲು ಧೈರ್ಯವೂ ಬರುತ್ತದೆ. ಊರಿನ ತಗಡಿನ ಕೆಲಸದವರಿಗೆ ಮುಚ್ಚಳ ಕೂರಿಸುವ ಕೆಲಸ ಸಿಗುತ್ತದೆ. ನಮ್ಮ ವಿಸ್ತರಣಾ ಕಾರ್ಯಕರ್ತರೂ ಬೆಳೆ ಬೆಳೆಯುವ ಬಗ್ಗೆ ಹತ್ತು ಸಭೆ ನಡೆಸಿದರೆ, ಬೆಳೆದದ್ದನ್ನು ಉಳಿಸುವ ಬಗ್ಗೆ ಒಂದಾದರೂ ಸಭೆ ನಡೆಸಬೇಕು. ಅದೂ ಊರ ಚಾವಡಿಯಲ್ಲಲ್ಲ, ಯಾರದಾದರೂ ಅಡುಗೆಮನೆಯಲ್ಲಿ, ಅಲ್ಲಿ ಕೆಲಸ ಮಾಡುವವರ ಎದುರಿಗೆ.

ಈ ಸುಗ್ಗಿಯ ಕಾಳು ಅಂಗಳಕ್ಕೆ ಬರುವ ಮುನ್ನ ಮನೆಯಲ್ಲಿರುವ ಡ್ರಮ್ಮು, ಟಿನ್ನುಗಳನ್ನು ಹೊರತೆಗೆದು ತೊಳೆದು ಬಿಸಿಲಿಗಿಡಿರಿ. ಎಲ್ಲಿಂದ ಬಂತೆಂದು ಹೇಳಲಾಗದ ಪಾತ್ರೆ ಅದರಲ್ಲಿ ಒಂದಿದ್ದರೂ ಅದನ್ನು ಪಕ್ಕಕ್ಕಿಡಿರಿ. ಮಾರಲೂ ಬೇಡಿರಿ, ಕಾಳು ತುಂಬಲೂ ಬೇಡಿರಿ. ತಳಕ್ಕೆ ನಾಲ್ಕು ತೂತು ಕೊರೆದು, ಅಂಗಳದ ಮೂಲೆಯಲ್ಲಿ ಕಸ ಹಾಕಲು ಇಟ್ಟುಕೊಳ್ಳಿರಿ.